ಮೇಯರಿಗೆ ಹೊದಿಸಿದ ಶಾಲು

ಕಚೇರಿಯ ಕೆಲಸ ಆಗಬೇಕಾದರೆ ಸದಾನಂದರಿಗೆ ಗೊತ್ತಿರುವ ದಾರಿ ಒಂದೇ. ದೊಡ್ಡವರನ್ನು ಸಭೆಗೆ ಕರೆಸು, ಶಾಲು ಹೊದಿಸು, ಹಣ್ಣಿನ ಬುಟ್ಟಿ ಕೊಡು, ಚಪ್ಪಾಳೆ ನಿಲ್ಲುವ ಮೊದಲೇ ಮನವಿ ಕೈಗಿಡು. ಕುಂದಾಪುರದಲ್ಲಿ ಅವರ ಅಪ್ಪ ಹೀಗೆಯೇ ಕೇರಿಗೆ ನಲ್ಲಿ ತರಿಸಿದ್ದರಂತೆ. ಲಂಡನ್ನಿನ ಪಾರ್ಕ್ ರಾಯಲ್‌ನ ಕಾರ್ಖಾನೆಯಲ್ಲಿ ಇಷ್ಟು ವರ್ಷ ದೋಸೆ ಹಿಟ್ಟು ರುಬ್ಬಿಸಿದರೂ ಆ ನಂಬಿಕೆ ಸಡಿಲವಾಗಿಲ್ಲ.

ಅವರ ಮನೆ ಸ್ಟ್ಯಾನ್ಮೋರ್‌ನಲ್ಲಿ, ಲಂಡನ್ ಮುಗಿಯುವ ಅಂಚಿನಲ್ಲಿ. ಹೆಂಡತಿ ಪ್ರಫುಲ್ಲಾ ಗಡಿಯಾಚೆಯ ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತಾರೆ. ಸ್ವಂತ ಮಕ್ಕಳಿಲ್ಲದ ಅವರಿಗೆ ಆ ಕೆಲಸವೆಂದರೆ ಪ್ರಾಣ. ಡ್ರೈವಿಂಗ್ ಬಾರದು. ಅಲ್ಲಿಗೆ ಹೋಗಲು ಇದ್ದದ್ದು ಒಂದು ಬಸ್ಸು.

ಒಂದು ದಿನ ಪ್ರಫುಲ್ಲಾ ಕೆಲಸದಿಂದ ಬಂದವರೇ, "ಹ್ವಾಯ್, ನಮ್ ಬಸ್ ನಿಲ್ಲಿಸ್ತ್ರಂಬ್ರ್. ಇನ್ ಎಂತ ಮಾಡುದ್?" ಎಂದರು.

"ಎಂತಕ್ ಹೆದ್ರುದ್? ಮೇಯರ್ ಇಲ್ಯಾ?" ಎಂದರು ಸದಾನಂದ.

ಇದ್ದರು, ಅದೇ ಫಜೀತಿ! ಹತ್ತಿರದ ಪಿನ್ನರ್‌ನ ಹಾಲ್‌ನಲ್ಲಿ ನಮ್ಮ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಕತ್ತಿನಲ್ಲಿ ಚಿನ್ನದ ಸರಪಳಿ ಧರಿಸಿದ, ಸ್ಥಳೀಯ ಕೌನ್ಸಿಲಿನ ಮೇಯರಮ್ಮ ಬಂದರು. ಸದಾನಂದ ಶಾಲು ಹೊದಿಸಿ ಮನವಿ ಕೊಟ್ಟರು. ಆಕೆ ಓದಿ, ಪಾಪ, ಮುಖ ಸಣ್ಣದು ಮಾಡಿಕೊಂಡರು. "ನನ್ನನ್ನು ಕೌನ್ಸಿಲರುಗಳು ಒಂದು ವರ್ಷಕ್ಕೆ ಆರಿಸಿದ್ದಾರೆ. ಸಭೆ ನಡೆಸುತ್ತೇನೆ, ರಿಬ್ಬನ್ ಕತ್ತರಿಸುತ್ತೇನೆ. ಬಸ್ಸು ನನ್ನ ಕೈಯಲ್ಲಿಲ್ಲ."

ಹಾಗಾದರೆ ಇಡೀ ಲಂಡನ್ನಿಗೆ ಜನರೇ ಆರಿಸುವ ಇನ್ನೊಬ್ಬ ಮೇಯರ್ ಇದ್ದಾರಲ್ಲ? ಬಳಗದ ಪತ್ರವ್ಯವಹಾರ ನೋಡಿಕೊಳ್ಳುವ ನಾನೇ ಆ ಕಚೇರಿಗೆ ಫೋನ್ ಮಾಡಿದೆ. ಬಸ್ಸು ಅವರದಲ್ಲವಂತೆ, ಅದನ್ನು ಓಡಿಸುತ್ತಿದ್ದದ್ದು ಗಡಿಯಾಚೆಯ ಕೌಂಟಿಯ, ಅಂದರೆ ಪಕ್ಕದ ಜಿಲ್ಲೆಯ, ದುಡ್ಡಿನಲ್ಲಂತೆ. ಕೌಂಟಿಯವರನ್ನು ಕೇಳಿದರೆ, ಅಲ್ಲಿ ಕೌನ್ಸಿಲುಗಳನ್ನೆಲ್ಲ ಕೂಡಿಸಿ ಒಂದು ಸಂಯುಕ್ತ ಪ್ರಾಧಿಕಾರ ಮಾಡುತ್ತಿದ್ದಾರೆ, ಅದಕ್ಕೊಬ್ಬ ಮೇಯರನ್ನು ಜನ ಆರಿಸುತ್ತಾರೆ, ಬಸ್ಸಿನ ವಿಚಾರ ಆಮೇಲೆ ಎಂದರು. ಮೈಸೂರಿನಲ್ಲಿ ರಾಜ್ಯಶಾಸ್ತ್ರ ಓದಿದ ನನಗೇ ತಲೆಬುಡ ತಿಳಿಯಲಿಲ್ಲ. ಇರುವ ಮೇಯರಿಗೆ ಅಧಿಕಾರವಿಲ್ಲ, ಅಧಿಕಾರವಿರುವ ಮೇಯರಿಗೆ ಬಸ್ಸಿಲ್ಲ, ಬಸ್ಸು ಸಿಗಬೇಕಾದ ಮೇಯರ್ ಇನ್ನೂ ಹುಟ್ಟಿಲ್ಲ! ಸಿಟ್ಟು ನೆತ್ತಿಗೇರಿತು.

ಸದಾನಂದ ಮಾತ್ರ ಇನ್ನೊಂದು ಶಾಲು ಕೊಂಡರು.

ಬಸ್ಸಿನ ಕೊನೆಯ ವಾರ ನಾವು ಮೂವರೂ ಆಚೆಯ ಊರಿಗೆ ಹೋದೆವು. ಪೇಟೆಯಲ್ಲಿ ಹೊಸ ಮೇಯರ್ ಹುದ್ದೆಗೆ ನಿಂತ ಅಭ್ಯರ್ಥಿ ಕರಪತ್ರ ಹಂಚುತ್ತಿದ್ದ. ಸದಾನಂದ ಶಾಲು ಬಿಚ್ಚುತ್ತಲೇ ಅವನು ನಗುತ್ತಾ, "ಯಾವ ಬೀದಿಯವರು?" ಎಂದು ಕೇಳಿದ.

"ಸ್ಟ್ಯಾನ್ಮೋರ್."

ನಗು ಅಲ್ಲೇ ನಿಂತಿತು. "ಓ, ಲಂಡನ್ನಿನವರು. ನಿಮಗೆ ಇಲ್ಲಿ ವೋಟಿಲ್ಲವಲ್ಲ," ಎಂದು ಕೊಟ್ಟ ಕರಪತ್ರವನ್ನೂ ಮೆಲ್ಲಗೆ ವಾಪಸ್ ತೆಗೆದುಕೊಂಡ.

ಪ್ರಫುಲ್ಲಾ ಮುಂದೆ ಬಂದರು. "ನನಗೆ ಇಲ್ಲದಿದ್ದರೆ ಬೇಡ. ನನ್ನ ಮಕ್ಕಳು ಇಲ್ಲಿಯವರೇ," ಎಂದರು ಇಂಗ್ಲಿಷಿನಲ್ಲಿ.

ಅವನ ಮುಖ ಮತ್ತೆ ಅರಳಿತು. "ಹೌದಾ? ಎಷ್ಟು ಜನ? ಎಲ್ಲರಿಗೂ ಹದಿನೆಂಟು ತುಂಬಿದೆಯೇ?"

"ದೊಡ್ಡವನಿಗೆ ಹನ್ನೊಂದು."

ಅವನಿಗೆ ಏನೂ ಅರ್ಥವಾಗಲಿಲ್ಲ. ಗಡಿಯಾರ ನೋಡಿಕೊಂಡು ಪಕ್ಕದವರ ಕೈಕುಲುಕಲು ಹೋದ. ಸದಾನಂದ ಶಾಲನ್ನು ಮಡಚಲೂ ತೋಚದೆ ಹಾಗೇ ಹಿಡಿದು ನಿಂತರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಬಸ್ಸು ನಿಂತಿತು, ಪ್ರಫುಲ್ಲಾರ ಕೆಲಸವೂ ಹೋಯಿತು. ಆಚೆ ಮೇಯರ್ ಬಂದಾಯಿತು. ಬಸ್ಸಿನ ಬಗ್ಗೆ ಪರಿಶೀಲನೆ ನಡೆದಿದೆಯಂತೆ. ಮೊನ್ನೆ ಮಧ್ಯಾಹ್ನ ಸದಾನಂದರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಸಾರಿನ ಸೌಟು ಹಿಡಿದ ಪ್ರಫುಲ್ಲಾ ಬಡಿಸುವುದನ್ನು ಬಿಟ್ಟು ಗೋಡೆಯ ಗಡಿಯಾರ ನೋಡುತ್ತಾ ನಿಂತುಬಿಟ್ಟರು.

"ಎಂತ ಆಯ್ತ್?" ಎಂದರು ಸದಾನಂದ.

"ಎಂತ ಇಲ್ಲೆ. ಮಕ್ಕಳ್ ತಟ್ಟೆ ಹಿಡ್ಕಂಡ್ ಸಾಲಂಗೆ ನಿಂತಿಪ್ಪ ಹೊತ್ತ್."