ವೆಲ್ಡಿಂಗ್ ಅಂಗಡಿಗೆ ಹೋದ ಮಿಲಿಟರಿ ಕ್ಯಾನು

ಮಾಗಡಿಯ ವೆಲ್ಡಿಂಗ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಹಿಂದೆ ಕೂತಿದ್ದ ಮಾವ ತೊಡೆಯ ಮೇಲಿದ್ದ ಕ್ಯಾನನ್ನು ತಬ್ಬಿಕೊಂಡೇ ಇಳಿದರು.

ಹಳೆಯ ಮಿಲಿಟರಿ ಪೆಟ್ರೋಲ್ ಕ್ಯಾನು. ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು, ತಳದ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು.

ಮಾವ ಅಂದರೆ ನನ್ನ ಗಂಡನ ಅಪ್ಪ. ಮಿಲಿಟರಿಯಲ್ಲಿ ಲಾರಿ ಓಡಿಸಿ ರಿಟೈರ್ ಆದವರು. ಈಗ ಗುಡೇಮಾರನಹಳ್ಳಿಯಲ್ಲಿ ನಮ್ಮ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಾರೆ.

ರಾಮನಗರದ ಗುಜರಿ ಅಂಗಡಿಯಲ್ಲಿ ಇಂಥ ಎರಡು ಕ್ಯಾನು ಕಂಡಾಗ ಅವರ ಮುಖ ನೋಡಬೇಕಿತ್ತು... ಹಳೇ ಸ್ನೇಹಿತರು ಸಿಕ್ಕ ಹಾಗೆ ತಟ್ಟಿ ನೋಡಿ, ಮನೆಗೆ ತಂದೇಬಿಟ್ಟರು. ಕಳೆ ಕತ್ತರಿಸುವ ಮೆಷಿನ್ನಿಗೆ ಪೆಟ್ರೋಲ್ ಬೇಕು, ಅದನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತರುವುದು ಅವರಿಗೆ ಸುತರಾಂ ಇಷ್ಟವಿಲ್ಲ.

ಆಮೇಲೆ ಅದೇ ಕೆಲಸ. ಕ್ಯಾನಿನೊಳಗೆ ಸಣ್ಣ ಜಲ್ಲಿ, ಸೋಪಿನ ನೀರು ಹಾಕಿ ಕುಲುಕುವುದು, ಕೆಂಪಗೆ ಬರುವ ತುಕ್ಕಿನ ನೀರು ಚೆಲ್ಲುವುದು, ಮತ್ತೆ ಕುಲುಕುವುದು. ಮುಚ್ಚಳದ ಹಳೇ ರಬ್ಬರ್ ವಾಷರ್ ಕಲ್ಲಾಗಿತ್ತು. ಪೆಟ್ರೋಲಿಗೆ ಕರಗದ ಹೊಸ ವಾಷರ್ ಹುಡುಕಿ ತಂದು ಕೂರಿಸಿದರು.

ನೀರು ತುಂಬಿಸಿ, ಮುಚ್ಚಳ ಬಿಗಿದು, ನ್ಯೂಸ್‌ಪೇಪರಿನ ಮೇಲೆ ಬೋರಲು ಇಟ್ಟೆವು. ಒಂದರಲ್ಲಿ ಹನಿಯೂ ಸೋರಲಿಲ್ಲ. ಇನ್ನೊಂದರ ಮುಚ್ಚಳ ಗಟ್ಟಿಯಾಗೇ ಕೂತಿತ್ತು, ಆದರೆ ನೆಟ್ಟಗೆ ತಿರುಗಿಸಿ ಇಟ್ಟಾಗ ತಳದಿಂದ ಪೇಪರ್ ಒದ್ದೆಯಾಯಿತು. ಅದಕ್ಕೇ ಈ ವೆಲ್ಡಿಂಗ್.

ಅಂಗಡಿಯ ನಯಾಜಣ್ಣ ಮಾವನಿಗೆ ಹಳೇ ಪರಿಚಯ. ಕ್ಯಾನು ತಿರುಗಿಸಿ ನೋಡಿ ಕೇಳಿದರು, "ಖಾಲಿ ತಾನೇ ಯಜಮಾನ್ರೇ? ಒಳಗೆ ಏನೂ ಇಲ್ವಲ್ಲ?"

ಮಾವ ಮುಚ್ಚಳ ತೆಗೆದು, ಬಾಯಿಗೆ ಮೂಗಿಟ್ಟು ಜೋರಾಗಿ ಉಸಿರೆಳೆದರು. "ಏನೂ ಇಲ್ಲ ಕಣಪ್ಪ. ಒಣಗೋಗೈತೆ. ಹೊಡಿ ನೀನು."

ನಾನು ರಸ್ತೆ ಬದಿಯ ಬೇವಿನ ಮರದ ನೆರಳಿನಲ್ಲಿ ಫೋನ್ ನೋಡುತ್ತಾ ನಿಂತಿದ್ದೆ. ಪಕ್ಕದ ಅಂಗಡಿಯಲ್ಲಿ ಯಾರೋ ಗೇಟಿಗೆ ಗ್ರೈಂಡರ್ ಹಿಡಿದಿದ್ದರು, ಕಿವಿ ಕಿತ್ತುಹೋಗುವ ಸದ್ದು.

ಒಂದು ಸಲ ಗಾಳಿ ಅಂಗಡಿ ಕಡೆಯಿಂದ ಬೀಸಿತು.

ಪೆಟ್ರೋಲ್ ವಾಸನೆ...

ಮೊದಲು ಸ್ಕೂಟರ್ ನೋಡಿದೆ. ಅದು ದೂರದಲ್ಲಿತ್ತು. ಆಮೇಲೆ ಅಂಗಡಿ ಕಡೆ ತಿರುಗಿದೆ.

ನಯಾಜಣ್ಣ ಮುಖಕ್ಕೆ ಶೀಲ್ಡ್ ಎಳೆದುಕೊಂಡಿದ್ದಾರೆ. ಕೈಯಲ್ಲಿ ರಾಡು. ಕ್ಯಾನು ಅವರ ಕಾಲುಗಳ ನಡುವೆ. ಮಾವ ಪಕ್ಕದಲ್ಲೇ ಬಗ್ಗಿ ತೂತು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಾರೆ.

"ನಿಲ್ಸಿ!" ಅಂತ ಕೂಗಿದೆ. ಗ್ರೈಂಡರ್ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಓಡಿದೆ. ಅವರ ಕೈ ಹಿಡಿಯೋಕೆ ಧೈರ್ಯ ಬರಲಿಲ್ಲ, ಜಗ್ಗಿದರೆ ರಾಡು ತಗುಲಿಬಿಟ್ಟರೆ? ಗೋಡೆಯ ಮೇಲೆ ವೆಲ್ಡಿಂಗ್ ಮೆಷಿನ್ನಿನ ದೊಡ್ಡ ಸ್ವಿಚ್ ಕಾಣಿಸಿತು. ಅದನ್ನು ಕೆಳಗೆ ಎಳೆದುಬಿಟ್ಟೆ.

ಮೆಷಿನ್ನಿನ ಗುಂಯ್ ನಿಂತಿತು. ನಯಾಜಣ್ಣ ಶೀಲ್ಡ್ ಎತ್ತಿ ನನ್ನನ್ನು ನೋಡಿದರು.

ಮಾವನ ಮುಖ ಕೆಂಪಾಯಿತು. ನಾಲ್ಕು ಜನರ ಮುಂದೆ ಸೊಸೆ ಹೀಗೆ ಮಾಡಿದ್ದು ಅವರಿಗೆ ಅವಮಾನ. "ಏನವ್ವಾ ಇದು? ಇಂಥ ಡಬ್ಬ ನಾನು ಎಷ್ಟು ನೋಡಿಲ್ಲ? ನೀನು ಹೇಳ್ಕೊಡ್ಬೇಕಾ ನಂಗೆ?"

"ಪೆಟ್ರೋಲ್ ವಾಸ್ನೆ ಬತ್ತಾ ಐತೆ ಮಾವ. ಅಷ್ಟು ದೂರಕ್ಕೇ ಬಂತು."

ನಯಾಜಣ್ಣ ಬಗ್ಗಿ ಕ್ಯಾನಿನ ಬಾಯಿ ಮೂಸಿದರು. ತಟ್ಟನೆ ತಲೆ ಹಿಂದಕ್ಕೆಳೆದುಕೊಂಡರು.

"ಯಾ ಅಲ್ಲಾ... ಒಳಗೆಲ್ಲ ಪೆಟ್ರೋಲ್ ಆವಿ ತುಂಬ್ಕಂಡೈತಲ್ಲ ಯಜಮಾನ್ರೇ! ಒಂದು ಕಿಡಿ ಬಿದ್ದಿದ್ರೆ ನಾವಿಬ್ರೂ ಇರ್ತಿರ್ಲಿಲ್ಲ."

ಮಾವ ಮತ್ತೆ ಮೂಗಿಟ್ಟರು. ಎಳೆದರು. ಇನ್ನೊಂದು ಸಲ ಎಳೆದರು. ನಯಾಜಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು.

ಆಗ ನನಗೆ ಅರ್ಥವಾಯಿತು.

"ಮಾವ... ನಿಮ್ಗೆ ವಾಸ್ನೆ ಗೊತ್ತಾಯ್ತಿಲ್ವಾ?"

ಅವರು ಅಲ್ಲೇ ಇದ್ದ ಬೆಂಚಿನ ಮೇಲೆ ಕುಳಿತರು. ನೆಲ ನೋಡುತ್ತಾ ಹೇಳಿದರು.

"ಆ ಜ್ವರ ಬಂದು ಹೋಯ್ತಲ್ಲ, ಆವತ್ತಿಂದ ಹಿಂಗೇ. ಸೊಪ್ಪಿನ ಸಾರೂ ಒಂದೇ, ಬಿಸಿನೀರೂ ಒಂದೇ. ಒಳಗಿನ ಪಸೆ ಹೋಗ್ಲಿ ಅಂತ ಬೆಳಿಗ್ಗೆ ಒಸಿ ಪೆಟ್ರೋಲ್ ಹಾಕಿ ಕುಲುಕಿ ಚೆಲ್ದೆ ಕಣವ್ವ. ಕಣ್ಣಿಗೆ ಒಣಗ್ದಂಗೆ ಕಾಣ್ತು..."

"ನಮ್ಗೆ ಯಾಕೆ ಹೇಳ್ಲಿಲ್ಲ?"

"ಹೇಳುದ್ರೆ ಇನ್ನು ಒಂದು ಕೆಲ್ಸಾನೂ ಮುಟ್ಟಾಕೆ ಬುಡಕಿಲ್ಲ ನೀವು."

ಅವರು ಹೇಳಿದ್ದು ನಿಜ. ನಾವು ಹಾಗೇ ಮಾಡುತ್ತಿದ್ದೆವು.

ನಯಾಜಣ್ಣ ಕ್ಯಾನಿಗೆ ಪೈಪಿನಿಂದ ನೀರು ಬಿಟ್ಟು ತುಂಬಿಸಿ ದೂರ ಇಟ್ಟರು. ಎಷ್ಟು ತೊಳೆದು ತಂದರೂ ಅದಕ್ಕೆ ಬೆಂಕಿ ಮುಟ್ಟಿಸುವುದಿಲ್ಲ ಎಂದರು. ಚಹಾ ತರಿಸಿದರು. ಮೂವರೂ ಕುಡಿದೆವು.

ವಾಪಸ್ ಬರುವಾಗ ದಾರಿಯಲ್ಲಿ ನನಗೆ ಇನ್ನೊಂದು ಹೊಳೆಯಿತು. ನಮ್ಮ ಮನೆಯಲ್ಲಿ ದಿನಾ ಎಲ್ಲರಿಗಿಂತ ಮೊದಲು ಎದ್ದು, ಗ್ಯಾಸ್ ಹಚ್ಚಿ ಕಾಫಿಗೆ ನೀರಿಡುವವರು ಮಾವ. ಸಿಲಿಂಡರ್ ಸೋರುತ್ತಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಮನೆಯಲ್ಲಿ ಹೇಳಿದೆ. ನನ್ನ ಗಂಡ ಮೊದಲು ರೇಗಿದ, ಆಮೇಲೆ ಸುಮ್ಮನಾದ. ಡಾಕ್ಟರಿಗೆ ತೋರಿಸಿದ್ದೇವೆ, ವಾಸನೆ ಹಿಡಿಯುವ ಶಕ್ತಿ ಪೂರ್ತಿ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ ಅಂದರು.

ಸೋರದ ಕ್ಯಾನು ಈಗ ತೋಟದ ಶೆಡ್ಡಿನ ನೆರಳಿನಲ್ಲಿದೆ, ಒಲೆಯಿಂದ ದೂರ. ಅದನ್ನು ನೋಡಿಕೊಳ್ಳುವುದು ಮಾವನೇ. ಆ ಕೆಲಸ ಅವರ ಕೈಯಿಂದ ಕಿತ್ತುಕೊಳ್ಳಬಾರದು ಅಂತ ನಾನೇ ಹಟ ಹಿಡಿದೆ. ಪೆಟ್ರೋಲ್ ತುಂಬಿಸಿ ಮುಚ್ಚಳ ಬಿಗಿದ ಮೇಲೆ ಶೆಡ್ಡಿನಿಂದ ಕೂಗುತ್ತಾರೆ, "ಬಾರವ್ವ, ಒಸಿ ಮೂಸ್ನೋಡು."

ಮೊದಮೊದಲು ಆ ಕೂಗಿನಲ್ಲಿ ಸಂಕೋಚ ಇತ್ತು. ಈಗಿಲ್ಲ.

ನಿಮ್ಮ ಮನೆಯ ಹಿರಿಯರೂ, ಕೆಲಸ ಕೈತಪ್ಪಿ ಹೋಗುತ್ತೆ ಅಂತ ಹೆದರಿ ಏನನ್ನಾದರೂ ಮುಚ್ಚಿಟ್ಟಿದ್ದಾರಾ... ಒಂದ್ಸಲ ಕೇಳಿ ನೋಡ್ತೀರಾ?