ಅಕ್ಕ ಆರಿಸಿದ ದ್ವೀಪ

ನಮ್ಮ ಮನೆತನದಲ್ಲಿ ಸಮುದ್ರದೊಳಗೆ ಇಳಿಯುವ ಮಾತನ್ನು ಮೊದಲು ಆಡಿದವಳು ನನ್ನ ವಾರಗಿತ್ತಿ. ಅವಳನ್ನು ನಾನು ಅಕ್ಕ ಎಂದೇ ಕರೆಯುವುದು. ಗುಂಡ್ಲುಪೇಟೆ ಹತ್ತಿರದ ಭೀಮನಬೀಡಿನಲ್ಲಿ ಅರಿಸಿನ, ಟೊಮೆಟೊ, ಚೆಂಡುಹೂವಿನ ಬೇಸಾಯವನ್ನು ಭಾವನವರ ಜೊತೆ ಸರಿಸಮನಾಗಿ ನೋಡಿಕೊಳ್ಳುವವಳು. ವಯಸ್ಸು ಐವತ್ತು ದಾಟಿದೆ. ನಾನು ಚಾಮರಾಜನಗರದ ಹೈಸ್ಕೂಲೊಂದರಲ್ಲಿ ಪಾಠ ಮಾಡುತ್ತೇನೆ. ಶಾಲೆಗೆ ರಜೆ ಬಂತೆಂದರೆ ಬಸ್ ಹತ್ತಿ ಅಕ್ಕನ ಮನೆಗೆ ಹೋಗುವುದು ನನಗೆ ಮದುವೆಯಾದಾಗಿನಿಂದ ಬಂದ ರೂಢಿ.

ಅಂಥದೊಂದು ರಜೆಯಲ್ಲಿ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ನನ್ನ ಫೋನಿನಲ್ಲಿ ಬಂದಿದ್ದ ಒಂದು ವಿಡಿಯೊ ಅಕ್ಕನಿಗೆ ತೋರಿಸಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಹೆಂಗಸೊಬ್ಬಳು ಸಮುದ್ರದ ತಳದಲ್ಲಿ ಮೀನುಗಳ ನಡುವೆ ನಿಧಾನವಾಗಿ ಹೋಗುತ್ತಿದ್ದಳು. ಅಕ್ಕನ ಕೈ ನಿಂತುಹೋಯಿತು. ಮತ್ತೆ ತೋರಿಸು ಎಂದಳು. ಮತ್ತೊಮ್ಮೆ ನೋಡಿದ ಮೇಲೆ ಹೇಳಿದಳು:

“ನಾನು ಮದ್ವೆಗೆ ಮುಂಚೆ ನಮ್ಮಪ್ಪನ ಬಾವಿಲಿ ಮುಳುಗು ಹಾಕ್ತಿದ್ದೆ ಕಣಮ್ಮಿ. ಊರೋರ ಕೊಡ ಬಿದ್ರೆ ನಾನೇ ಎತ್ಕೊಡ್ಬೇಕು. ತಳ ಮುಟ್ಟಿ ಇನ್ನೇನು ಸುತ್ತ ಕಣ್ಣಾಡಿಸ್ಬೇಕು ಅನ್ನೋ ಒತ್ಗೆ ಉಸ್ರು ಮುಗ್ದೋಗದು. ಯಾವತ್ತೂ ಪೂರ್ತಿ ನೋಡ್ಲೇ ಇಲ್ಲ. ಇವ್ಳಿಗೆ ನೋಡು, ಉಸ್ರನ್ನೇ ಬೆನ್ಗೆ ಕಟ್ಟವ್ರೆ!”

ಅವಳಿಗೆ ಈಜು ಬರುತ್ತದೆಂದು ನನಗೆ ಗೊತ್ತಿತ್ತು. ಇಂಥ ಆಸೆಯೊಂದು ಒಳಗೆ ಇದೆ ಎಂದು ಗೊತ್ತಿರಲಿಲ್ಲ. “ಹಾಗಾದರೆ ಹೋಗೋಣವಾ ಅಕ್ಕ?” ಎಂದೆ. ಸುಮ್ಮನೆ ಬಾಯಿಗೆ ಬಂದ ಮಾತು. ಅವಳು ಮಾತ್ರ ಅದನ್ನು ನಿಜವೆಂದೇ ಹಿಡಿದಳು. “ಓಗನ. ಅರಿಸಿನ ಕಿತ್ತಾದ್ಮೇಲೆ ಓಗನ,” ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ರೆಸಾರ್ಟ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಫೋಟೊ ನೋಡಿ ಮರುಳಾಗುವುದರಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು, ಬಿಳಿ ಪರದೆಯ ಮಂಚ, ಸಮುದ್ರದ ದಂಡೆಯಲ್ಲೇ ನೀಲಿ ಈಜುಕೊಳ. ಎಲ್ಲವನ್ನೂ ಅಕ್ಕನ ಮುಂದೆ ಹಿಡಿದೆ. ಅವಳು ಕನ್ನಡಕ ಏರಿಸಿಕೊಂಡು ನೋಡಿದಳು. “ಅಷ್ಟು ದೊಡ್ಡ ಸಮುದ್ರ ಪಕ್ಕದಲ್ಲೇ ಇರೋವಾಗ ಈ ತೊಟ್ಟಿ ಯಾಕಮ್ಮಿ ಕಟ್ಟವ್ರೆ?” ಎಂದಳು. ಇನ್ನೊಂದನ್ನು ತೋರಿಸಿದರೆ, “ಮಂಚ ಚೆನ್ನಾಗದೆ. ನೀರೊಳಕ್ಕೆ ನಮ್ಮನ್ನ ಕರ್ಕೊಂಡೋಗೋರು ಯಾರು? ಅವ್ರ ಮೊಕ ತೋರ್ಸು,” ಎಂದಳು. ಅಂಥ ಫೋಟೊ ಯಾವ ರೆಸಾರ್ಟಿನವರೂ ಹಾಕಿರಲಿಲ್ಲ.

ಕಡೆಗೆ ಫೋನ್ ಮಾಡಿ ಕೇಳುವುದೆಂದು ತೀರ್ಮಾನವಾಯಿತು. ಅಕ್ಕನಿಗೆ ಕೇಳಬೇಕಾದದ್ದು ಮುಖ್ಯವಾಗಿ ಒಂದೇ. ನಮ್ಮ ಮನೆಯವರೆಲ್ಲ ಲಿಂಗಧಾರಿಗಳು. ನಾನು ಪೂಜೆಯ ಹೊತ್ತಿಗೆ ಮಾತ್ರ ಧರಿಸುವವಳು. ಅಕ್ಕ ಹಾಗಲ್ಲ. ಪುಟ್ಟ ಬೆಳ್ಳಿ ಕರಡಿಗೆಯಲ್ಲಿಟ್ಟ ಇಷ್ಟಲಿಂಗ ಅವಳ ಕೊರಳಿನಿಂದ ಇಳಿದದ್ದನ್ನು ನಾನು ಕಂಡಿಲ್ಲ. ಹೊಲದಲ್ಲೂ ಅಷ್ಟೆ, ಹೆರಿಗೆಯ ಮಂಚದ ಮೇಲೂ ಅಷ್ಟೆ. “ಇದ್ನ ತೆಗೆಯಾಕಿಲ್ಲ. ಇದ್ರ ಜೊತ್ಗೇ ಇಳಿಸ್ತಾರಾ ಕೇಳು,” ಎಂದಳು.

ಅಂಡಮಾನಿನ ಒಂದು ರೆಸಾರ್ಟಿಗೆ ಕೇಳಿದೆ. “ನೋ ಪ್ರಾಬ್ಲಮ್ ಮೇಡಂ” ಎಂದರು. ಇನ್ನೊಂದು ಕಡೆಯವರೂ ನೋ ಪ್ರಾಬ್ಲಮ್. ಲಿಂಗ ಎಂದರೇನೆಂದು ಒಬ್ಬರೂ ತಿರುಗಿ ಕೇಳಲಿಲ್ಲ. ಅಕ್ಕ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. “ಈಗ ಇಂಗ್ ಕೇಳು. ಅಲ್ಲಿಗೆ ಬಂದ್ಮೇಲೆ ನೆಗಡಿ ಆದ್ರೆ ಏನ್ ಮಾಡೀರಿ ಅನ್ನು,” ಎಂದಳು. ಕೇಳಿದೆ. ಅದಕ್ಕೂ ನೋ ಪ್ರಾಬ್ಲಮ್. ಅಕ್ಕ ತಲೆಯಾಡಿಸಿದಳು. “ಬ್ಯಾಡ ಬುಡು. ಎಲ್ಲಕ್ಕೂ ಆಯ್ತು ಆಯ್ತು ಅನ್ನೋನ ಕೈಲಿ ಜೀವ ಕೊಡಕಾಯ್ತದಾ?”

ಆಮೇಲೆ ಸಿಕ್ಕಿದ್ದು ಲಕ್ಷದ್ವೀಪದ ಒಂದು ಪುಟ್ಟ ದ್ವೀಪ. ಫೋಟೊಗಳಲ್ಲಿ ಅಂಥ ಚಂದವೇನಿರಲಿಲ್ಲ. ತೆಂಗಿನ ಮರಗಳ ಕೆಳಗೆ ಸಾಲಾಗಿ ಸಾದಾ ಕೋಣೆಗಳು, ಮುಂದೆ ಮರಳು, ಅದರಾಚೆ ನೀರು. ಫೋನ್ ಎತ್ತಿದವರು ಅಲ್ಲಿನ ಡೈವಿಂಗ್ ಗುರುಗಳೇ. ಅವರದು ಮಲಯಾಳ. ನಾನು ಇಂಗ್ಲಿಷಿನಲ್ಲಿ ತಡವರಿಸುತ್ತಿರುವಾಗಲೇ ಅಕ್ಕ ಕೈಯಿಂದ ಫೋನ್ ಕಸಿದುಕೊಂಡಳು. ಗುಂಡ್ಲುಪೇಟೆಯ ಮಾರುಕಟ್ಟೆಗೆ ಕೇರಳದಿಂದ ತರಕಾರಿ ಕೊಳ್ಳಲು ಬರುವ ವ್ಯಾಪಾರಿಗಳ ಜೊತೆ ವರ್ಷಗಟ್ಟಲೆ ಮಾತಾಡಿ ಕಲಿತ ಮಲಯಾಳ ಅವಳದು. ಬೆಲೆ ಕುದುರಿಸಲು ಕಲಿತ ಭಾಷೆಯಲ್ಲಿ ಅವಳು ಲಿಂಗದ ವಿಷಯ ವಿವರಿಸಿದಳು.

ಆ ಕಡೆಯವರು ಪೂರ್ತಿ ಕೇಳಿಸಿಕೊಂಡರಂತೆ. ಆಮೇಲೆ, ಆ ಬೆಳ್ಳಿ ಡಬ್ಬಿಯ ಒಳಗೆ ಟೊಳ್ಳು ಇದೆಯೇ ಎಂದು ಕೇಳಿದರಂತೆ. ಇದೆ ಎಂದಳು ಅಕ್ಕ. ಹಾಗಾದರೆ ಡಬ್ಬಿ ಬೇಡಮ್ಮಾ, ಆಳಕ್ಕೆ ಹೋದಂತೆ ನೀರು ಅದನ್ನು ಅಮುಕುತ್ತದೆ, ದಾರ ಹೊರಗೆ ನೇತಾಡಿದರೆ ಗಾಳಿಯ ಕೊಳವೆಗೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ದೇವರನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಬಿಗಿಯಾಗಿ ಕಟ್ಟಿಕೊಳ್ಳಿ, ಮೇಲೆ ಉಡುಪು ಹಾಕೋಣ ಎಂದರಂತೆ. ನೆಗಡಿಯ ಪ್ರಶ್ನೆಗೂ ನೇರ ಉತ್ತರ: ನೆಗಡಿ ಇದ್ದರೆ ಇಳಿಸುವುದಿಲ್ಲ, ಎಷ್ಟು ದೂರದಿಂದ ಬಂದಿದ್ದರೂ ಇಳಿಸುವುದಿಲ್ಲ. ಬರುವ ಮುಂಚೆ ಕಿವಿ, ರಕ್ತದೊತ್ತಡ ಎರಡನ್ನೂ ಡಾಕ್ಟರಿಗೆ ತೋರಿಸಿಯೇ ಬರಬೇಕು.

ಫೋನ್ ಇಟ್ಟ ಅಕ್ಕನ ಮುಖ ಅರಳಿತ್ತು. “ಇವ್ನು ಆಗಲ್ಲ ಅನ್ನಾಕೆ ಬಲ್ಲ ಕಣಮ್ಮಿ. ಇಲ್ಲಿಗೇ ಓಗನ.”

ಹೀಗೆ ನಮ್ಮ ರೆಸಾರ್ಟ್ ನಿಶ್ಚಯವಾಯಿತು. ಭಾವನವರು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. “ಮೀನ್ ತಿನ್ನೋರಲ್ಲ, ಮುಟ್ಟೋರಲ್ಲ, ನಿಮ್ಗ್ಯಾಕೆ ಮೀನಿನ್ ಉಸಾಬರಿ?” ಎಂದರು. “ತಿನ್ನೋರು ಕರ್ದಿರೋದ್ನ ನೋಡ್ತಾರೆ, ನಾವು ಜೀವ ಇರೋದ್ನ ನೋಡ್ತೀವಿ,” ಎಂದಳು ಅಕ್ಕ. ಅವರಿಗೂ ನಗು ತಡೆಯಲಾಗಲಿಲ್ಲ. ಚಾಮರಾಜನಗರದ ಡಾಕ್ಟರು ನಮ್ಮಿಬ್ಬರ ಕಿವಿಗೂ ಬೆಳಕು ಬಿಟ್ಟು ನೋಡಿ, ಹೋಗಿಬನ್ನಿ ಎಂದರು. ದ್ವೀಪಕ್ಕೆ ಹೋಗುವ ಸರ್ಕಾರಿ ಅನುಮತಿಯೂ ಬಂತು. ಗುಂಡ್ಲುಪೇಟೆಯಲ್ಲಿ ಬಸ್ ಹತ್ತಿ ಕಲ್ಲಿಕೋಟೆಗೆ, ಅಲ್ಲಿಂದ ರೈಲಿನಲ್ಲಿ ಕೊಚ್ಚಿಗೆ, ಕೊಚ್ಚಿಯಿಂದ ಪುಟ್ಟ ವಿಮಾನ, ಆಮೇಲೆ ದೋಣಿ. ದೋಣಿಯಲ್ಲಿ ಕೂತ ಅಕ್ಕ ಅಂಚಿನಿಂದ ಬಗ್ಗಿ ನೋಡುತ್ತಲೇ ಇದ್ದಳು. ತಳದ ಮರಳು ಅಲ್ಲಿಂದಲೇ ಕಾಣುತ್ತಿತ್ತು.

ಗುರುಗಳು ನಲವತ್ತರ ಆಸುಪಾಸಿನ, ಮೆಲುದನಿಯ ಮನುಷ್ಯ. ಬಂದ ದಿನ ನೀರಿಗೆ ಇಳಿಸಲಿಲ್ಲ. ಮರುಬೆಳಿಗ್ಗೆ ಸೊಂಟದುದ್ದ ನೀರಿನಲ್ಲಿ ಪಾಠ ಶುರುವಾಯಿತು. ಕಪ್ಪು ರಬ್ಬರ್ ಉಡುಪಿನಲ್ಲಿ ತನ್ನನ್ನು ತಾನೇ ನೋಡಿಕೊಂಡ ಅಕ್ಕ, “ಥೇಟ್ ಎಮ್ಮೆ ಕರ!” ಎಂದು ನಕ್ಕಳು. ಬಿಳಿ ವಸ್ತ್ರದಲ್ಲಿ ಸುತ್ತಿದ ಲಿಂಗ ಆ ಉಡುಪಿನೊಳಗೆ ಅವಳ ಎದೆಗೆ ಅಂಟಿಕೊಂಡಿತ್ತು. ಗುರುಗಳು ಅವಳ ಕತ್ತಿನ ಹಿಂದೆ ಕಾಣುತ್ತಿದ್ದ ದಾರದ ಗಂಟನ್ನು ದೂರದಿಂದಲೇ ನೋಡಿ, ಇನ್ನೊಂದು ಗಂಟು ಹಾಕಲು ಹೇಳಿದರು. ತಾವು ಮುಟ್ಟಲಿಲ್ಲ. ಆ ಸೂಕ್ಷ್ಮ ನನಗೆ ತುಂಬ ಹಿಡಿಸಿತು.

ಆದರೆ ನನ್ನ ಕತೆಯೇ ಬೇರೆಯಾಯಿತು. ಮುಖಕ್ಕೆ ಗಾಜಿನ ಮುಖವಾಡ ಹಾಕಿ, ಬಾಯಲ್ಲಿ ಗಾಳಿಯ ಕೊಳವೆ ಕಚ್ಚಿ ತಲೆ ಮುಳುಗಿಸಿದ ಕೂಡಲೇ ಮೂಗಿನ ಬಳಿ ಒಂದಿಷ್ಟು ನೀರು ನುಗ್ಗಿತು. ನಾನು ಎಲ್ಲವನ್ನೂ ಕಿತ್ತೆಸೆದು ಕೆಮ್ಮುತ್ತ ಎದ್ದು ನಿಂತೆ. ಮತ್ತೆ ಪ್ರಯತ್ನಿಸಿದರೆ ಮತ್ತೆ ಅದೇ. ಗುರುಗಳು ಅಕ್ಕನಿಗೆ, ಇವರು ಇವತ್ತು ಬೇಡ, ನೀವು ಬನ್ನಿ, ದೋಣಿ ಸಿದ್ಧವಿದೆ ಎಂದರು. ಅಕ್ಕ ಮೊದಲ ಸಲಕ್ಕೇ ಎಲ್ಲ ಪಾಠ ಕಲಿತಿದ್ದಳು.

“ಅಕ್ಕ, ನೀನು ಹೋಗು. ನೀನು ಆಸೆಪಟ್ಟು ಬಂದವಳು,” ಎಂದೆ.

“ಸಮುದ್ರ ಎಲ್ಗೂ ಓಗಾಕಿಲ್ಲ. ನಾಳೆ ಇಬ್ರೂ ಓಗನ,” ಎಂದಳು. ದೋಣಿಯವರಿಗೆ ಕೈಯಾಡಿಸಿ ಕಳಿಸಿಬಿಟ್ಟಳು.

ಆ ದಿನದ ಉಳಿದ ಹೊತ್ತೆಲ್ಲ ಅಕ್ಕ ನನ್ನನ್ನು ತಿಳಿನೀರಿನಲ್ಲಿ ನಿಲ್ಲಿಸಿಕೊಂಡಳು. ಸಿಲಿಂಡರ್ ಇಲ್ಲ, ಉಡುಪಿಲ್ಲ, ಮುಖವಾಡ ಮತ್ತು ತುದಿ ನೀರಿನ ಮೇಲೆ ನಿಲ್ಲುವ ಒಂದು ಪ್ಲಾಸ್ಟಿಕ್ ಕೊಳವೆ ಅಷ್ಟೆ. ನನ್ನ ಎರಡೂ ಕೈ ಹಿಡಿದುಕೊಂಡು, ತಾನೂ ಮುಖ ಮುಳುಗಿಸಿ, ನೀರೊಳಗಿಂದ ನನ್ನನ್ನೇ ನೋಡುತ್ತಿದ್ದಳು. “ಮೂಗ್ನ ಮರ್ತ್ಬುಡು. ಬಾಯಲ್ಲಿ ಎಳ್ಕೊ, ಬಾಯಲ್ಲಿ ಬುಡು. ಅವಸ್ರ ಇಲ್ಲ, ಒಸಿ ನಿಧಾನ.” ಬೈಯಲಿಲ್ಲ, ಬೇಸರಿಸಲಿಲ್ಲ. ಮಕ್ಕಳಿಗೆ ಪಾಠ ಹೇಳುವ ನಾನು ಅಂಥ ತಾಳ್ಮೆಯನ್ನು ನನ್ನ ತರಗತಿಯಲ್ಲಿ ಎಷ್ಟು ದಿನ ತೋರಿಸಿದ್ದೇನೆ ಎಂದು ಯೋಚಿಸುವಂತಾಯಿತು. ಸಂಜೆಯ ಹೊತ್ತಿಗೆ ನನ್ನ ಉಸಿರಿನ ಸದ್ದು ನನಗೇ ಹಿತವಾಗಿ ಕೇಳತೊಡಗಿತು. ಸಪ್ಪೆ ಸಾಂಬಾರು, ಕೆಂಪಕ್ಕಿ ಅನ್ನ, ತೆಂಗಿನಕಾಯಿ ಚಟ್ನಿ ತಿಂದು, ಇಬ್ಬರೂ ಎಳೆಮಕ್ಕಳಂತೆ ನಿದ್ದೆಹೋದೆವು.

ಮರುದಿನ ಇಬ್ಬರೂ ಇಳಿದೆವು. ಗುರುಗಳು ಅಕ್ಕನ ಜೊತೆ, ಅವರ ಸಹಾಯಕಿ ನನ್ನ ಜೊತೆ. ಮೇಲಿನ ಗಲಾಟೆಯೆಲ್ಲ ತಟ್ಟನೆ ನಿಂತಿತು. ಕೆಳಗೆ ಹೂಕೋಸಿನ ಹೊಲ ಹರಡಿದಂತೆ ಹವಳ. ಅದರ ಸಂದುಗಳಿಂದ ಅರಿಸಿನ ಬಣ್ಣದ ಸಣ್ಣ ಮೀನುಗಳು ಹೊರಗೆ ಬರುವುದು, ಒಳಗೆ ಓಡುವುದು. ಹವಳದಾಚೆ ಹುಲ್ಲು ಬೆಳೆದ ಮರಳಿನ ಮೇಲೆ ದೊಡ್ಡ ಆಮೆಯೊಂದು, ಬದುವಿನ ಮೇಲೆ ಹಸು ಮೇಯುವಂತೆ, ತಲೆ ತಗ್ಗಿಸಿ ಹುಲ್ಲು ಮೇಯುತ್ತಿತ್ತು. ನಮ್ಮನ್ನು ಒಮ್ಮೆ ನೋಡಿ ಮತ್ತೆ ಮೇಯತೊಡಗಿತು.

ಅಕ್ಕನಿಗೆ ಸಂತೋಷ ತಡೆಯಲಾಗಲಿಲ್ಲ. ಹೆಬ್ಬೆರಳೆತ್ತಿ ಭೇಷ್ ಎಂದು ತೋರಿಸಿಬಿಟ್ಟಳು. ನೀರೊಳಗೆ ಹೆಬ್ಬೆರಳೆತ್ತಿದರೆ ಮೇಲೆ ಹೋಗೋಣ ಎಂದರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಬೆಳಿಗ್ಗೆಯೇ ಹೇಳಿಕೊಟ್ಟಿದ್ದರು. ಗುರುಗಳು ತಕ್ಷಣ ಅವಳ ತೋಳು ಹಿಡಿದು ಮೇಲಕ್ಕೆ ಹೊರಟರು. ಅಕ್ಕ ಗಾಬರಿಯಿಂದ ಎರಡೂ ಕೈ ಬೀಸಿದಳು, ತಲೆಯಾಡಿಸಿದಳು, ಆಮೇಲೆ ನೆನಪಾಗಿ ಒಂದಲ್ಲ, ಎರಡು ಕೈಯಲ್ಲೂ ಉಂಗುರ ಮಾಡಿ ಅವರ ಮುಖದ ಮುಂದೆ ಹಿಡಿದಳು. ಗುರುಗಳ ಬಾಯಿಂದ ನಗುವಿನ ಗುಳ್ಳೆಗಳು ಬುಳಬುಳನೆ ಎದ್ದವು. ಮತ್ತೆ ಕೆಳಗಿಳಿದರು. ಅಕ್ಕ ಆಮೆಯ ಪಕ್ಕದಲ್ಲಿ, ಅದಕ್ಕೆ ತೊಂದರೆಯಾಗದಷ್ಟು ದೂರದಲ್ಲಿ ತೇಲುತ್ತ, ಕೈ ಕಟ್ಟಿಕೊಂಡು ನೋಡುತ್ತ ಉಳಿದಳು. ನಾನು ಆಮೆಗಿಂತ ಹೆಚ್ಚಾಗಿ ಅವಳನ್ನೇ ನೋಡಿದೆ. ಹೊಲ, ಮನೆ, ಮಾರುಕಟ್ಟೆ ಎಂದು ಓಡಾಡುವ ಅಕ್ಕ ಅಷ್ಟು ಹೊತ್ತು ಏನೂ ಕೆಲಸವಿಲ್ಲದೆ ಒಂದೇ ಕಡೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ದೋಣಿಗೆ ಹತ್ತಿದ ಮೇಲೆ ಅವಳು ಮುಖವಾಡ ತೆಗೆದಳು. ಕಣ್ಣು ಒದ್ದೆಯಾಗಿತ್ತು. ಉಪ್ಪುನೀರೆಂದು ಒರೆಸಿಕೊಂಡಳು. ನಾನೂ ಹಾಗೇ ನಂಬಿದವಳಂತೆ ನಟಿಸಿದೆ.

ಇನ್ನೊಮ್ಮೆ ಇಳಿಯಲು ಆಸೆಯಾಯಿತು. ಮಾರನೆಯ ದಿನ ವಿಮಾನ ಹತ್ತುವವರಿದ್ದೆವು. ಡೈವಿಂಗ್ ಆದ ಮೇಲೆ ಮೈಗೆ ಸಾಕಷ್ಟು ಬಿಡುವು ಕೊಡದೆ ವಿಮಾನ ಹತ್ತಬಾರದು ಎಂದು ಗುರುಗಳು ಒಪ್ಪಲಿಲ್ಲ. ಅಕ್ಕ ವಾದ ಮಾಡಲಿಲ್ಲ. ಅಂಥವರೆಂದೇ ಅಲ್ಲವೇ ಅವರನ್ನು ಆರಿಸಿದ್ದು!

ಊರಿಗೆ ಬಂದ ಸಂಜೆ ಭಾವನವರು ಊಟಕ್ಕೆ ಕೂತು, ಬಲು ಅಸಡ್ಡೆಯಿಂದ ಎಂಬಂತೆ ಕೇಳಿದರು, “ಒಳಗೆ ಉಸ್ರು ಕಟ್ನಿಲ್ವಾ?” ಅಕ್ಕ ಮುದ್ದೆಯ ತಟ್ಟೆ ಪಕ್ಕಕ್ಕಿಟ್ಟು, ಮುಖವಾಡ ಹಾಕುವ ರೀತಿ, ಗಾಳಿ ಎಳೆಯುವ ರೀತಿ, ಆಮೆ ತಲೆ ಎತ್ತಿದ ರೀತಿ ಎಲ್ಲವನ್ನೂ ಮಾಡಿ ತೋರಿಸಿದಳು. ಅವರು ಸಾರು ಆರುತ್ತಿದ್ದುದನ್ನೂ ಮರೆತು ಕೇಳಿಸಿಕೊಂಡರು.

“ಮುಂದ್ಲ ಸರ್ತಿ ನಾನೂ ಬತ್ತೀನಿ ಬುಡು,” ಎಂದರು.

“ಬನ್ನಿ. ಮೊದ್ಲು ಬಿಪಿ ಇಳಿಸ್ಕೊಳ್ಳಿ. ಆ ಗುರುಗಳು ಬುಡಾಕಿಲ್ಲ,” ಎಂದಳು ಅಕ್ಕ, ಅವರ ತಟ್ಟೆಯ ಪಕ್ಕದಿಂದ ಉಪ್ಪಿನಕಾಯಿ ಭರಣಿಯನ್ನು ಎತ್ತಿಕೊಳ್ಳುತ್ತ.