ತುಟಿ ಅಲ್ಲಾಡಿಸದ ಗಂಡ

ತುಟಿ ಅಲ್ಲಾಡಿಸದೆ ಮಾತಾಡೋದೇ ಅವರ ಕಸುಬು. ತೊಡೆಯ ಮೇಲೆ ಮರದ ಗೊಂಬೆ ಕೂರಿಸಿಕೊಂಡು, ಅದರ ಬೆನ್ನೊಳಗೆ ಕೈ ತೂರಿಸಿ, ಗೊಂಬೆಯೇ ಮಾತಾಡುತ್ತಿದೆ ಅನ್ನಿಸಬೇಕು. ಗೊಂಬೆಯ ಹೆಸರು ತರ್ಲೆ. ಇವರಿಗೂ ಒಂದು ಹೆಸರಿತ್ತು ಅನ್ನಿ, ಯಾರು ಕೇಳಬೇಕು? ಜನರ ಬಾಯಲ್ಲಿ ಇವರು ತರ್ಲೆಯಪ್ಪ.

ಏನು ಕಾಲ ಅದು! ಶಾಲೆಯ ವಾರ್ಷಿಕೋತ್ಸವವಿರಲಿ, ಕಾರ್ಖಾನೆಯ ಕ್ಲಬ್ಬಿರಲಿ, ತರ್ಲೆ ಇಲ್ಲದೆ ಕಾರ್ಯಕ್ರಮವೇ ಇಲ್ಲ. ಹೆಡ್‌ಮಾಸ್ತರರ ಬೋಳುತಲೆ ನೋಡಿ, "ಹಗಲು ಹೊತ್ತಲ್ಲೂ ಲೈಟ್ ಹಾಕಿದಾರಲ್ಲಪ್ಪ!" ಅನ್ನುತ್ತಿತ್ತು. ಹೆಡ್‌ಮಾಸ್ತರರೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದೇ ಮಾತು ಮನುಷ್ಯ ಆಡಿದ್ದರೆ ಒದೆ ಬೀಳುತ್ತಿತ್ತು, ಗೊಂಬೆಗೆ ಎಲ್ಲ ಮಾಫಿ. ಕೊನೆಗೆ ಮಕ್ಕಳು ಓಡಿಬಂದು ತರ್ಲೆಯ ಕೈ ಕುಲುಕಿ, ತರ್ಲೆಯ ಬಾಯಿಗೇ ಬಿಸ್ಕತ್ತು ತುರುಕಿ ಹೋಗುತ್ತಿದ್ದವು. ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಮನುಷ್ಯನ ಕಡೆ ಒಂದೂ ತಿರುಗಿ ನೋಡುತ್ತಿರಲಿಲ್ಲ. ಇವರಿಗೆ ಅದೇ ಹೆಮ್ಮೆ.

ವಿದ್ಯೆ ಕಲಿಸಿದ ಗುರು ಕಟ್ಟುನಿಟ್ಟಾಗಿ ಹೇಳಿದ್ದ: "ಮನೇಲೂ ತುಟಿ ಅಲ್ಲಾಡಿಸಬೇಡ ಕಣೋ. ಮನೇಲೊಂಥರ, ಸ್ಟೇಜ್ ಮೇಲೊಂಥರ ಅಂದ್ರೆ ತುಟಿ ಮಾತು ಕೇಳಲ್ಲ." ಇವರೋ, ಅದನ್ನು ಹಟಕ್ಕೆ ಬಿದ್ದು ಪಾಲಿಸಿದರು. ಹಾಲಿನವನ ಹತ್ತಿರ, ಬಸ್ ಕಂಡಕ್ಟರ್ ಹತ್ತಿರ, ಕಡೆಗೆ ಹೆಂಡತಿಯ ಹತ್ತಿರವೂ ಹಲ್ಲುಸಂದಿಯಲ್ಲೇ ಮಾತು. ಮೊದಲ ಸಲ ನೋಡಿದಾಗ ಆಕೆ, ಪಾಪ ಹಲ್ಲುನೋವೇನೋ ಅಂದುಕೊಂಡಿದ್ದಳಂತೆ. ಆಮೇಲೆ ರೂಢಿಯಾಯಿತು.

ಈಗ ಆಕೆಗೆ ಕಿವಿ ಕೇಳಿಸೋದಿಲ್ಲ. ಮೊದಮೊದಲು ಮಂದವಾಗಿತ್ತು, ಬರಬರುತ್ತ ಪೂರ್ತಿ ಹೋಯಿತು. ಮಷೀನು ಹಾಕಿದರೆ ಬರೀ ಕುಯ್ಯೋ ಅನ್ನುತ್ತದೆಂದು ಬೀರುವಿನೊಳಗೆ ಇಟ್ಟುಬಿಟ್ಟಳು. ಹೆಂಗಸು ಚುರುಕು ನೋಡಿ, ಎದುರಿನವರ ಬಾಯಿ ನೋಡಿಯೇ ಮಾತು ಹಿಡಿಯೋದನ್ನು ಕಲಿತಳು. ಮಗಳ ಮಾತು ತಿಳಿಯುತ್ತದೆ, ತರಕಾರಿಯವಳ ಮಾತು ತಿಳಿಯುತ್ತದೆ, ಟೀವಿಯಲ್ಲಿ ವಾರ್ತೆ ಓದುವವಳ ಮಾತೂ ತಿಳಿಯುತ್ತದೆ. ತಿಳಿಯದ್ದು ಒಬ್ಬ ಗಂಡನ ಮಾತು ಮಾತ್ರ.

"ನೀರು ಕಾದಿದೆಯಾ?" ಅಂತ ಇವರು ಕೇಳಿದರೆ ಆಕೆ "ಆಂ?" ಅನ್ನಬೇಕು. ಮತ್ತೆ ಕೇಳಿದರೆ ಮತ್ತೆ "ಆಂ?" ಒಂದು ದಿನ ಆಕೆಗೆ ರೇಗಿಹೋಯಿತು.

"ನಾನೇನು ಗೋಡೆ ಜೊತೆ ಸಂಸಾರ ಮಾಡ್ತಿದೀನಾ? ಬಾಯಿ ಬಿಚ್ರೀ!"

ಇವರು ಬಿಚ್ಚಿದರು. ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಆ ಅಂತ ಬಿಚ್ಚಿದರು. ಆಕೆ ನಕ್ಕಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಚೀಟಿ ಬರೆದು ಕೊಟ್ಟದ್ದೂ ಆಯಿತು. "ಜಗಳ ಆಡೋಕೂ ಬರ್ಕೊಡ್ತೀರಾ?" ಅಂತ ಹರಿದು ಹಾಕಿದಳು.

ಹೀಗಿರುವಾಗ ಮಗಳು ಬಂದು, ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಅಪ್ಪ, ಅಮ್ಮ ಇನ್ಮೇಲೆ ನಮ್ಮನೇಲೇ ಇರ್ತೀನಿ ಅಂತಿದಾಳೆ. ಭಾನುವಾರ ಕರ್ಕೊಂಡು ಹೋಗ್ತೀನಿ. ನಿನ್ನ ಮೇಲೆ ಕೋಪ ಇಲ್ಲ. ಅಲ್ಲಾದ್ರೆ ಮಾತಾಡೋರಿದಾರೆ ಅಂತಾಳೆ, ಅಷ್ಟೆ."

ಅವತ್ತಿನಿಂದ ತರ್ಲೆಯಪ್ಪನವರು ಬಾಗಿಲು ಹಾಕಿಕೊಂಡು ಕನ್ನಡಿ ಮುಂದೆ ಕೂತರು. ತುಟಿ ಅಲ್ಲಾಡುತ್ತಿಲ್ಲ ತಾನೇ ಅಂತ ಆಯುಷ್ಯವಿಡೀ ನೋಡಿಕೊಂಡ ಕನ್ನಡಿಯಲ್ಲಿ ಈಗ ಅಲ್ಲಾಡಿಸೋದನ್ನು ಕಲಿಯಬೇಕು. ಏನೋ ಮಾಡಬಾರದ್ದು ಮಾಡಿದಂತೆ ಮೈ ಹಿಡಿಯಾಗುತ್ತಿತ್ತು. ದವಡೆ ನೋವು, ಕೆನ್ನೆ ನೋವು, ಸಾಕುಸಾಕಾಗಿ ಹೋಯಿತು. ಇದರ ಬೆಲೆ ಏನು ಅನ್ನೋದೂ ಗೊತ್ತಿತ್ತು. ಗೊಂಬೆ ಆಟಕ್ಕೆ ಕರೆಯುವವರೇ ಈಗ ಅಪರೂಪ, ಉಳಿದದ್ದು ಲಾರಿ ಡ್ರೈವರುಗಳ ಸಂಘವೊಂದೇ. ಹಾಳಾಗಿ ಹೋಗಲಿ ಅಂದುಕೊಂಡರು.

ಶನಿವಾರ ಮಧ್ಯಾಹ್ನ ಆ ಸಂಘದ ಕಾರ್ಯಕ್ರಮ. ಶುರುವಿಗೆ ಚೆನ್ನಾಗಿಯೇ ಹೋಯಿತು. ತರ್ಲೆ ಅಧ್ಯಕ್ಷರ ಹೊಟ್ಟೆಯನ್ನು ಹಂಗಿಸಿತು, ಜನ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಮಗು ಕೂಗಿತು: "ಗೊಂಬೆ ಅಲ್ಲ, ಆ ತಾತ ಮಾತಾಡ್ತಿದಾರೆ!" ಸಭೆ ಗೊಳ್ಳೆಂದಿತು. ಇವರು ತುಟಿ ಬಿಗಿಹಿಡಿಯಲು ನೋಡಿದರು. ಒಮ್ಮೆ ಸಡಿಲ ಬಿಟ್ಟ ತುಟಿ ಎಲ್ಲಿ ಕೇಳುತ್ತದೆ? ತರ್ಲೆ ಒಂದೊಂದು ಮಾತು ಆಡಿದಾಗಲೂ ಇವರ ಬಾಯೂ ಆಡಿತು. ಹೇಗೋ ಮುಗಿಸಿ ಇಳಿದರು. ಕಾರ್ಯದರ್ಶಿ ಟೀ ಕೊಟ್ಟು, "ವಯಸ್ಸಾಯ್ತು ಸಾರ್, ರೆಸ್ಟ್ ತಗೊಳ್ಳಿ. ಮುಂದಿನ ವರ್ಷ ಆರ್ಕೆಸ್ಟ್ರಾ ಇಟ್ಕೋತೀವಿ," ಅಂದ. ಪಾಪ, ಒಳ್ಳೆಯವನೇ.

ಮನೆಗೆ ಬಂದಾಗ ಹೆಂಡತಿ ಮಂಚದ ಮೇಲೆ ಬ್ಯಾಗಿಟ್ಟುಕೊಂಡು ಸೀರೆ ಮಡಚಿ ತುಂಬುತ್ತಿದ್ದಳು. ಇವರು ತರ್ಲೆಯ ಪೆಟ್ಟಿಗೆ ಕೆಳಗಿಟ್ಟು, ಲೈಟ್ ಹಾಕಿ, ಆಕೆಯ ಎದುರಿಗೆ ಕೂತರು.

"ಇನ್ಮೇಲೆ ನನ್ನ ಕರೆಯಲ್ವಂತೆ," ಅಂದರು. "ತುಟಿ ಅಲ್ಲಾಡ್ತು."

ಮಡಚುತ್ತಿದ್ದ ಕೈ ನಿಂತಿತು. "ಎಲ್ರೆದುರಿಗೂನಾ?"

"ಎಲ್ರೆದುರಿಗೂ."

"ನಕ್ರಾ?"

"ನಕ್ರು."

ಆಕೆ ಒಂದು ಸಲವೂ "ಆಂ?" ಅನ್ನಲಿಲ್ಲ ಅನ್ನೋದು ಇವರಿಗೆ ಆಗ ಹೊಳೆಯಿತು. ಆಕೆ ಬ್ಯಾಗನ್ನು ಆಚೆ ತಳ್ಳಿ, ಇನ್ನೂ ಹತ್ತಿರಕ್ಕೆ ಸರಿದು, ಗಂಡನ ಬಾಯಿಯನ್ನೇ ನೋಡುತ್ತಾ ಕೂತಳು.

"ಮೊದ್ಲಿಂದ ಹೇಳ್ರಿ," ಅಂದಳು. "ನಿಧಾನಕ್ಕೆ. ಒಂದೂ ಬಿಡಬೇಡಿ."